ಹೊಳೆ ದಾಟುವ ಮುನ್ನ

ಬಳ್ಳಾರಿ ಬಿಸಿಲಿನ ಊರು. ಊರ ನಡುವೆ ಎದ್ದು ನಿಂತ ಕೋಟೆಯ ಗುಡ್ಡ ಹಗಲೆಲ್ಲ ಕಾದು, ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ತನ್ನ ಬಿಸಿಯನ್ನು ಸುತ್ತಲಿನ ಬೀದಿಗಳಿಗೆ ಹಂಚುತ್ತಿರುತ್ತದೆ. ವರ್ಷವೆಲ್ಲ ಸೇರಿ ಇಲ್ಲಿ ಬೀಳುವ ಮಳೆ ಸುಮಾರು 500 ಮಿಲಿಮೀಟರು ಮಾತ್ರ. ಊರಿನ ಪೂರ್ವದಲ್ಲಿ ಹರಿಯುವ ಹಗರಿ ಎಂಬ ನದಿಗೆ ವೇದಾವತಿ ಎಂಬ ಪವಿತ್ರವಾದ ಹೆಸರೂ ಉಂಟು; ಆದರೆ ವರ್ಷದ ಬಹುಭಾಗ ಅಲ್ಲಿ ಕಾಣುವುದು ನೀರಲ್ಲ, ಮರಳು. ಆ ಮರಳಿನಲ್ಲಿ ಮಕ್ಕಳು ಆಡುತ್ತಾರೆ, ಬಂಡಿಗಳು ಹಾದುಹೋಗುತ್ತವೆ, ಬೇಸಿಗೆಯಲ್ಲಿ ಒರತೆ ತೋಡಿ ಹೆಂಗಸರು ಕೊಡ ತುಂಬಿಸಿಕೊಂಡದ್ದೂ ಉಂಟು. ಇಂಥ ನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ನೀರೆಂದರೆ ಹರಕೆಯ ವಸ್ತು, ಹಂಬಲದ ವಸ್ತು. ನೀರು ಬಂದಿತೆಂದರೆ ಅವನು ಓಡಿಹೋಗಿ ನೋಡುತ್ತಾನೆಯೇ ಹೊರತು ಹಿಂದೆ ಸರಿಯುವುದಿಲ್ಲ. ಬರವನ್ನು ಕಂಡು ಅಂಜುವುದನ್ನು ಅವನಿಗೆ ಹಿರಿಯರು ಕಲಿಸಿದ್ದಾರೆ. ಹೊಳೆಯನ್ನು ಕಂಡು ಅಂಜುವುದನ್ನು ಯಾರೂ ಕಲಿಸಿಲ್ಲ. ಬಯಲುಸೀಮೆಯ ಪ್ರಯಾಣಿಕನ ಮೊದಲನೆಯ ಅಪಾಯ ಇದೇ.

ಇಂಥವನಿಗೂ ನಡುಗಡ್ಡೆಗೆ ಹೋಗುವ ಸಂದರ್ಭ ಬಾರದೆ ಇರುವುದಿಲ್ಲ. ಬಳ್ಳಾರಿಯಿಂದ ಉತ್ತರಕ್ಕೆ ಹೋದರೆ ತುಂಗಭದ್ರೆಯ ದಡದಲ್ಲಿ ಸಿರುಗುಪ್ಪವಿದೆ. ಸಿರಿಯ ಗುಪ್ಪೆ, ಅಂದರೆ ಸಂಪತ್ತಿನ ರಾಶಿ ಎಂಬುದು ಆ ಹೆಸರಿಗೆ ಜನ ಹೇಳುವ ಅರ್ಥ. ಬೆಂಗಾಡನ್ನು ದಾಟಿ ಬಂದವನು ಅಲ್ಲಿನ ಬತ್ತದ ಗದ್ದೆಗಳನ್ನು ಕಂಡಾಗ ಹೆಸರು ಸಾರ್ಥಕವೆನ್ನದೆ ಇರಲಾರ. ಅಲ್ಲಿ ಹೊಳೆ ಎರಡು ಕವಲಾಗಿ ಒಡೆದು, ದೇಶನೂರಿನ ನಡುಗಡ್ಡೆಯನ್ನು ತೋಳುಗಳಿಂದ ಬಳಸಿಕೊಂಡು ಹರಿಯುತ್ತದೆ. ಹೊಳೆಯ ಮೇಲುಭಾಗದಲ್ಲಿ ಆನೆಗೊಂದಿಯ ಬಳಿ ನವಬೃಂದಾವನವಿದೆ. ವ್ಯಾಸರಾಯರೇ ಮೊದಲಾದ ಒಂಬತ್ತು ಮಂದಿ ಯತಿಗಳ ಬೃಂದಾವನಗಳಿರುವ ಆ ನಡುಗಡ್ಡೆಗೆ ಭಕ್ತರು ದೋಣಿಯಲ್ಲಿ ಹೋಗುತ್ತಾರೆ. ಹಂಪೆಯ ಎದುರಿಗೆ ವಿರೂಪಾಪುರ ಗಡ್ಡೆಯಿದೆ. ಜಾತ್ರೆಗೆಂದು, ಹರಕೆಗೆಂದು, ನೆಂಟರ ಮನೆಯ ಮದುವೆಗೆಂದು, ಬರಿಯ ನೋಟಕ್ಕೆಂದು ಜನ ಹೊಳೆ ದಾಟುತ್ತಲೇ ಇರುತ್ತಾರೆ.

ನಡುಗಡ್ಡೆಯ ಸ್ವಭಾವ ಎಲ್ಲಿಯೂ ಒಂದೇ. ಪೆಸಿಫಿಕ್ ಮಹಾಸಾಗರದ ನಡುವೆ ಪಿಟ್‌ಕೇರ್ನ್ ಎಂಬ ಚಿಕ್ಕ ದ್ವೀಪವಿದೆ. ಅಲ್ಲಿ ವಾಸಿಸುವವರು ಐವತ್ತು ಮಂದಿಯ ಆಸುಪಾಸು. ವಿಮಾನ ಇಳಿಯುವ ನೆಲ ಅಲ್ಲಿಲ್ಲ. ದೊಡ್ಡ ಹಡಗು ದಡ ಸೇರುವ ಬಂದರೂ ಇಲ್ಲ. ದಿನಗಟ್ಟಲೆ ಸಾಗಿ ಬಂದ ಹಡಗು ದೂರದಲ್ಲಿಯೇ ನಿಲ್ಲುತ್ತದೆ. ದ್ವೀಪದವರು ಉದ್ದನೆಯ ದೋಣಿಯಲ್ಲಿ ಬಂದು ಪ್ರಯಾಣಿಕರನ್ನು ಇಳಿಸಿಕೊಳ್ಳುತ್ತಾರೆ. ಅಲೆ ಜೋರಾಗಿದ್ದರೆ ದಡ ಕಣ್ಣೆದುರಿಗೇ ಇದ್ದರೂ ಇಳಿಯುವಂತಿಲ್ಲ. ಸಾವಿರಾರು ಮೈಲಿ ದಾಟಿ ಬಂದವನೂ ಕೊನೆಯ ಒಂದು ಮೈಲಿಗಾಗಿ ನೀರಿನ ಅಪ್ಪಣೆಯನ್ನು ಕಾಯಬೇಕು. ಆ ಮಹಾಸಾಗರದ ದ್ವೀಪಕ್ಕೂ ತುಂಗಭದ್ರೆಯ ಗಡ್ಡೆಗೂ ಅಳತೆಯಲ್ಲಿ ಹೋಲಿಕೆಯಿಲ್ಲ. ಆದರೆ ಈ ಒಂದು ನಿಯಮದಲ್ಲಿ ಭೇದವೂ ಇಲ್ಲ. ನಡುಗಡ್ಡೆಯೆಂದರೆ, ನೀರು ಒಪ್ಪಿದಾಗ ಮಾತ್ರ ತಲುಪಬಹುದಾದ ನೆಲ.

ಕುರುಗೋಡಿನ ಕಡೆಯ ರೈತ ಈ ಮಾತನ್ನು ಕೇಳಿದರೆ ನಕ್ಕಾನು. ಬಂಡೆಗುಡ್ಡಗಳ ಮಡಿಲಿನಲ್ಲಿ, ದೊಡ್ಡಬಸವೇಶ್ವರನ ಆಶ್ರಯದಲ್ಲಿರುವ ಆ ಊರಿನ ಸುತ್ತ ಇಂದು ಕಾಲುವೆಯ ನೀರು ಹರಿಯುತ್ತದೆ. ಅದೇ ತುಂಗಭದ್ರೆಯ ನೀರು. ಅದನ್ನು ಅವನು ಗುದ್ದಲಿಯಿಂದ ತಿರುಗಿಸಿದ್ದಾನೆ, ಮಡಿಗೆ ಹಾಯಿಸಿದ್ದಾನೆ, ಸಾಕೆನಿಸಿದಾಗ ಮಣ್ಣು ಹಾಕಿ ನಿಲ್ಲಿಸಿದ್ದಾನೆ. ನೀರಿನ ವಿಷಯ ತನಗೆ ಗೊತ್ತಿದೆ ಎಂಬ ಭಾವನೆ ಅವನಲ್ಲಿ ಮೂಡುವುದು ಸಹಜ. ಆದರೆ ಕಾಲುವೆಯ ನೀರು ಹಗ್ಗದಲ್ಲಿ ಕಟ್ಟಿದ ಎತ್ತಿನಂತೆ. ಹೊಳೆಯ ನೀರು ಹಗ್ಗ ಕಾಣದ ಗೂಳಿಯಂತೆ. ಕಟ್ಟಿದ ಎತ್ತೂ ಒಮ್ಮೊಮ್ಮೆ ಹಾಯುವುದುಂಟು. ಇನ್ನು ಗೂಳಿಯ ಮಾತೇನು? ಒಂದನ್ನು ಪಳಗಿಸಿದ ಅನುಭವದಿಂದ ಇನ್ನೊಂದರ ಎದುರು ಎದೆಯೊಡ್ಡಿ ನಿಲ್ಲುವುದು ಧೈರ್ಯವಲ್ಲ, ತಿಳಿಗೇಡಿತನ.

ಹೊಳೆ ದಾಟುವವನು ಕಲಿಯಬೇಕಾದ ಮೊದಲ ಪಾಠ ಹೊಳೆಯ ದಡದಲ್ಲಿಲ್ಲ. ಅದು ಬಹುದೂರದ ಮಲೆನಾಡಿನಲ್ಲಿದೆ. ತುಂಗೆ ಮತ್ತು ಭದ್ರೆಯರು ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಅವರು ಕೂಡುವುದು ಶಿವಮೊಗ್ಗೆಯ ಬಳಿಯ ಕೂಡಲಿಯಲ್ಲಿ. ತುಂಗೆಯ ಸೀಮೆಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದುಂಟು. ಬಳ್ಳಾರಿಯ ಹತ್ತಾರು ವರ್ಷಗಳ ಮಳೆ ಅಲ್ಲಿ ಒಂದೇ ವರ್ಷದಲ್ಲಿ ಬೀಳುತ್ತದೆಂದು ಹೇಳಬಹುದು. ಆ ನೀರೆಲ್ಲ ಹರಿದು ಬಂದು ಹೊಸಪೇಟೆಯ ಬಳಿಯ ಜಲಾಶಯದಲ್ಲಿ ತಂಗುತ್ತದೆ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ತುಂಬಿಸಿಕೊಂಡ ಆ ಅಣೆಕಟ್ಟಿಗೆ 33 ಬಾಗಿಲುಗಳಿವೆ. ಜಲಾಶಯ ತುಂಬಿ, ಮೇಲಿನಿಂದ ಇನ್ನೂ ನೀರು ಬರುತ್ತಿದ್ದರೆ ಬಾಗಿಲು ತೆರೆಯದೆ ಗತಿಯಿಲ್ಲ. ಆಗ ಹೊಳೆ ಏರುತ್ತದೆ. ಸಿರುಗುಪ್ಪದ ಆಕಾಶದಲ್ಲಿ ಅಂದು ಒಂದು ಮೋಡವೂ ಇರಬೇಕೆಂದಿಲ್ಲ! ಬಿಸಿಲು ಕಾಯುತ್ತಿರುವಾಗಲೇ ಬಂಡೆಗಳು ಒಂದೊಂದಾಗಿ ಮುಳುಗುತ್ತವೆ. ಮುಂಜಾನೆ ಮೊಣಕಾಲುದ್ದ ಇದ್ದ ಕಡೆ ಮಧ್ಯಾಹ್ನಕ್ಕೆ ಆಳು ಮುಳುಗುವಷ್ಟು ನೀರು ನಿಂತಿರುತ್ತದೆ. ನೆತ್ತಿಯ ಮೇಲಿನ ಆಕಾಶವನ್ನು ನೋಡಿ ಹೊಳೆಯನ್ನು ಅಳೆಯಬಾರದು.

ಪತ್ರಿಕೆಗಳಲ್ಲಿ ಇಷ್ಟು ಕ್ಯೂಸೆಕ್ ನೀರು ಬಿಡಲಾಯಿತೆಂದು ಸುದ್ದಿ ಬರುತ್ತದೆ. ಅನೇಕರು ಅದನ್ನು ಅಂಕಿಯೆಂದು ಓದಿ ಬಿಟ್ಟುಬಿಡುತ್ತಾರೆ. ಒಂದು ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಅಂದರೆ ಸುಮಾರು 28 ಲೀಟರು. ಒಂದು ಲಕ್ಷ ಕ್ಯೂಸೆಕ್ ಎಂದರೆ ಪ್ರತಿಯೊಂದು ಸೆಕೆಂಡಿಗೂ 28 ಲಕ್ಷ ಲೀಟರು. ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಒಂದು ಕೆರೆಯಷ್ಟು ನೀರು ಮುಂದೆ ಹೋಗಿರುತ್ತದೆ. ಇದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಲ್ಲವನಿಗೆ ಆ ಒಣ ಅಂಕಿ ಒಂದು ಎಚ್ಚರಿಕೆಯ ಗಂಟೆಯಾಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಬಾಗಿಲು ಸರಪಣಿ ತುಂಡಾಗಿ ಕೊಚ್ಚಿಹೋಯಿತು. ಉಳಿದ ಬಾಗಿಲುಗಳ ಮೇಲಿನ ಒತ್ತಡವನ್ನು ಇಳಿಸುವುದಕ್ಕಾಗಿ ಅವುಗಳನ್ನೂ ತೆರೆದು ಅಪಾರವಾದ ನೀರನ್ನು ಹೊಳೆಗೆ ಬಿಡಬೇಕಾಯಿತು. ಒಂದು ವಾರದ ಬಳಿಕ ಉಕ್ಕಿನ ತಡೆಗಳನ್ನು ಇಳಿಸಿ ಹರಿವನ್ನು ನಿಲ್ಲಿಸಿದರು. ಅಂದು ಹೊಳೆ ಏರಿದ್ದು ಯಾವ ಮೋಡದಿಂದಲೂ ಅಲ್ಲ, ಒಂದು ಸರಪಣಿಯಿಂದ. ದಡದಲ್ಲಿ ಕುಳಿತು ಗಾಳಿಯನ್ನೂ ಮುಗಿಲನ್ನೂ ಎಷ್ಟು ನೋಡಿದರೂ ಅದು ತಿಳಿಯುವಂತಿರಲಿಲ್ಲ. ತಿಳಿದದ್ದು ಸುದ್ದಿಯಿಂದ ಮಾತ್ರ. ಉಳಿಸಿದ್ದು ಆ ಸುದ್ದಿಗೆ ಕೊಟ್ಟ ಬೆಲೆ.

ಅದಕ್ಕೂ ಮುಂಚೆ, 2019ರ ಆಗಸ್ಟ್‌ನಲ್ಲಿ, ಹೊಳೆ ಏರಿ ವಿರೂಪಾಪುರ ಗಡ್ಡೆಗೆ ನೀರು ಸುತ್ತುಗಟ್ಟಿತು. ನೂರಾರು ಪ್ರವಾಸಿಗರು ಅಲ್ಲಿಯೇ ಸಿಕ್ಕಿಕೊಂಡರು. ಅವರನ್ನು ಕರೆತರಲು ಹೋದ ದೋಣಿಯೊಂದು ಮಗುಚಿ, ರಕ್ಷಣೆಗೆ ಹೋದವರನ್ನೇ ರಕ್ಷಿಸಬೇಕಾದ ಪ್ರಸಂಗ ಒದಗಿತು. ಒಬ್ಬನು ಎಚ್ಚರಿಕೆಯನ್ನು ಕಡೆಗಣಿಸಿದರೆ ಅಪಾಯಕ್ಕೆ ಸಿಲುಕುವವನು ಅವನೊಬ್ಬನೇ ಅಲ್ಲ. ಅವನಿಗಾಗಿ ನೀರಿಗಿಳಿಯುವ ಅಪರಿಚಿತನ ಪ್ರಾಣವೂ ತಕ್ಕಡಿಯಲ್ಲಿರುತ್ತದೆ. ಆ ಅಪರಿಚಿತನಿಗೂ ಮನೆಯಲ್ಲಿ ಕಾಯುವ ಮಕ್ಕಳಿರುತ್ತಾರೆ.

ಕಾಣದ ಕಡೆಯಿಂದ ಬರುವ ಅಪಾಯ ಹೊಳೆಗೆ ಮಾತ್ರ ಸಂಬಂಧಿಸಿದ್ದಲ್ಲ. 1960ರ ಮೇ 22ರಂದು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಭಾರಿ ಭೂಕಂಪವಾಯಿತು. ಅದರಿಂದ ಎದ್ದ ಸುನಾಮಿಯ ಅಲೆ ಇಡೀ ಪೆಸಿಫಿಕ್ ಸಾಗರವನ್ನು ಹಾದು, ಸುಮಾರು ಹದಿನೈದು ಗಂಟೆಗಳ ಮೇಲೆ ಹವಾಯಿ ದ್ವೀಪದ ಹಿಲೊ ಎಂಬ ಊರನ್ನು ತಲುಪಿತು. ಅಲ್ಲಿ ನೆಲ ನಡುಗಿರಲಿಲ್ಲ, ಬಿರುಗಾಳಿ ಬೀಸಿರಲಿಲ್ಲ. ಅಲೆ ಬರುವುದಕ್ಕೆ ಗಂಟೆಗಳ ಮೊದಲೇ ಎಚ್ಚರಿಕೆಯ ಕಹಳೆ ಕೂಗಿತ್ತು. 1946ರಲ್ಲಿ ಅದೇ ಊರು ಇಂಥ ಅಲೆಗೆ ಸಿಕ್ಕಿ ನಲುಗಿದ ಮೇಲೆ, ಮುನ್ಸೂಚನೆ ನೀಡುವ ಕೇಂದ್ರವೊಂದು 1949ರಲ್ಲಿ ಹವಾಯಿಯಲ್ಲಿ ಸ್ಥಾಪಿತವಾಗಿತ್ತು. ಆದರೂ ಕೆಲವರು ಮನೆ ಬಿಡಲಿಲ್ಲ. ಕೆಲವರು ಅಲೆಯನ್ನು ನೋಡುವ ಕುತೂಹಲದಿಂದ ದಡದ ಬಳಿಗೇ ಹೋದರು. 61 ಮಂದಿ ಪ್ರಾಣ ಕಳೆದುಕೊಂಡರು. ಎಚ್ಚರಿಕೆ ಇಲ್ಲದೆ ಸಾಯುವುದು ದುರ್ದೈವ. ಎಚ್ಚರಿಕೆ ಕೇಳಿಸಿಕೊಂಡೂ ಸಾಯುವುದು ಅದಕ್ಕಿಂತ ದೊಡ್ಡ ದುಃಖ.

ಇನ್ನು ಹೊಳೆ ದಾಟಿಸುವ ಹರಿಗೋಲಿನ ವಿಷಯ. ಬಿದಿರಿನ ದಬ್ಬೆಗಳನ್ನು ದೊಡ್ಡ ಬುಟ್ಟಿಯಂತೆ ಹೆಣೆದು ಹೊರಗೆ ತೊಗಲನ್ನು ಹೊದಿಸುವುದು ಹಿಂದಿನ ಪದ್ಧತಿ. ತೊಗಲಿನ ಬದಲು ಗಟ್ಟಿಯಾದ ಹಾಳೆ ಹೊದಿಸಿ, ಟಾರು ಬಳಿಯುವುದು ಈಚಿನದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಆನೆಗೊಂದಿಯ ಬಳಿ ಜನ ಇಂಥ ದುಂಡನೆಯ ದೋಣಿಗಳಲ್ಲಿ ದಾಟುತ್ತಿದ್ದುದನ್ನು ಬಣ್ಣಿಸಿದ್ದಾನೆ. ಐನೂರು ವರ್ಷಗಳಾದರೂ ಆ ಆಕಾರ ಬದಲಾಗಿಲ್ಲವೆಂದರೆ ಅದರಲ್ಲಿ ಏನೋ ಗುಣವಿರಲೇಬೇಕು. ಹರಿಗೋಲಿನ ತಳ ಚಪ್ಪಟೆ. ಅದು ನೀರಿನೊಳಗೆ ಹೆಚ್ಚು ಇಳಿಯುವುದಿಲ್ಲ. ಆದುದರಿಂದ ಬಂಡೆಗಳು ತುಂಬಿದ ಈ ಹೊಳೆಯಲ್ಲಿ ಅದು ಕಲ್ಲಿನ ಮೇಲಿನಿಂದಲೇ ಜಾರಿಹೋಗಬಲ್ಲದು. ಆದರೆ ಅದಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ; ಸೆಳವಿನಲ್ಲಿ ಬುಗುರಿಯಂತೆ ತಿರುಗುವುದೇ ಅದರ ಸ್ವಭಾವ. ಅದನ್ನು ನೇರವಾಗಿ ಸಾಗಿಸುವುದು ಅಂಬಿಗನ ಕೈಯ ಹುಟ್ಟೊಂದೇ.

ಅಂಬಿಗನ ಜಾಣ್ಮೆಯನ್ನು ದಡದಲ್ಲಿ ನಿಂತು ನೋಡಬೇಕು. ಎದುರು ದಡದ ಕಟ್ಟೆಗೆ ಹೋಗಬೇಕಾದರೆ ಅವನು ಅದರ ನೇರದಲ್ಲಿ ಹೊರಡುವುದಿಲ್ಲ. ಹರಿಗೋಲನ್ನು ದಡದ ಗುಂಟ ಮೇಲಕ್ಕೆ ಬಹುದೂರ ಎಳೆದುಕೊಂಡು ಹೋಗಿ, ಅಲ್ಲಿಂದ ಓರೆಯಾಗಿ ಹೊಳೆಗೆ ಬಿಡುತ್ತಾನೆ. ಸೆಳವು ತನ್ನನ್ನು ಎಷ್ಟು ಕೆಳಕ್ಕೆ ಒಯ್ಯುವುದೆಂಬ ಲೆಕ್ಕ ಅವನ ಮನಸ್ಸಿನಲ್ಲಿರುತ್ತದೆ. ನೀರಿನೊಡನೆ ಜಗಳವಾಡದೆ, ಅದು ಕೊಂಡೊಯ್ಯುವ ದಾರಿಯಲ್ಲಿಯೇ ತನ್ನ ಗುರಿಯನ್ನು ಸೇರುವ ವಿದ್ಯೆ ಅದು. ಹರಿವು ಹೆಚ್ಚಿದಷ್ಟೂ ಅವನು ಇನ್ನೂ ಮೇಲಿನಿಂದ ಹೊರಡುತ್ತಾನೆ. ಒಂದು ಮಿತಿಯನ್ನು ಮೀರಿತೆಂದರೆ ಹರಿಗೋಲನ್ನು ದಡಕ್ಕೆ ಎಳೆದು ಬೋರಲು ಹಾಕಿ ಮನೆಗೆ ನಡೆಯುತ್ತಾನೆ. ದಡದ ಮೇಲೆ ಹರಿಗೋಲು ಬೋರಲಾಗಿದೆ ಎಂದರೆ ಅದಕ್ಕಿಂತ ಸ್ಪಷ್ಟವಾದ ಅಪ್ಪಣೆ ಬೇರೊಂದಿಲ್ಲ.

ಪ್ರಯಾಣಿಕನ ಕರ್ತವ್ಯವೂ ಇದೆ. ಹರಿಗೋಲಿನಲ್ಲಿ ಭಾರ ತಗ್ಗಿನಲ್ಲಿಯೂ ಸಮನಾಗಿಯೂ ಹಂಚಿಕೆಯಾಗಿರುವವರೆಗೆ ಅದು ಸುಲಭವಾಗಿ ಮಗುಚದು. ಒಬ್ಬನು ಎದ್ದು ನಿಂತರೆ ಗುರುತ್ವದ ಕೇಂದ್ರ ಮೇಲಕ್ಕೆ ಹೋಗುತ್ತದೆ. ನಾಲ್ವರು ಒಂದೇ ಅಂಚಿಗೆ ಬಾಗಿದರೆ ಆ ಅಂಚು ನೀರಿಗೆ ಮುಟ್ಟುತ್ತದೆ. ಅಂಚು ನೀರಿಗೆ ಮುಟ್ಟಿದ ಮೇಲೆ ಅಂಬಿಗನ ಜಾಣ್ಮೆ ಕೆಲಸಕ್ಕೆ ಬಾರದು. ಆದುದರಿಂದ ಕುಳಿತವನು ಕುಳಿತೇ ಇರತಕ್ಕದ್ದು. ಚಿತ್ರ ತೆಗೆಯುವುದಕ್ಕಾಗಲಿ, ನೀರು ಮುಟ್ಟುವುದಕ್ಕಾಗಲಿ, ಹೊಳೆಗೆ ಕಾಸು ಎಸೆಯುವುದಕ್ಕಾಗಲಿ ಏಳತಕ್ಕದ್ದಲ್ಲ. ಜೀವರಕ್ಷಕ ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದಲ್ಲ, ಮೈಗೆ ತೊಟ್ಟು ಪಟ್ಟಿಗಳನ್ನೆಲ್ಲ ಬಿಗಿಯಬೇಕು. ನೀರಿಗೆ ಬಿದ್ದ ಮೇಲೆ ತೊಟ್ಟುಕೊಳ್ಳುತ್ತೇನೆಂಬುದು ಮನೆ ಹತ್ತಿ ಉರಿಯುವಾಗ ಬಾವಿ ತೋಡಿದಂತೆಯೇ ಸರಿ. ಎಷ್ಟು ಮಂದಿಗೆ ಸ್ಥಳವಿದೆಯೆಂದು ಅಂಬಿಗ ಹೇಳಿದನೋ ಅದರ ಮೇಲೆ ಒಬ್ಬನನ್ನೂ ಹತ್ತಿಸಬಾರದು; ಅಂಬಿಗನೇ ಆಸೆಗೆ ಬಿದ್ದು ಹೆಚ್ಚು ಜನರನ್ನು ಕರೆದರೆ ಇಳಿದುಬಿಡುವ ಬುದ್ಧಿ ಪ್ರಯಾಣಿಕನಿಗೆ ಇರಬೇಕು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಕನ್ನಡದಲ್ಲಿ ಹಳೆಯದು. ಕೃತಘ್ನರನ್ನು ಕುರಿತು ಹುಟ್ಟಿದ ಗಾದೆ ಅದು. ಆದರೆ ನಡುಗಡ್ಡೆಗೆ ಹೋದವನು ಅಷ್ಟು ಸುಲಭವಾಗಿ ಕೃತಘ್ನನಾಗಲಾರ. ಅವನು ಅದೇ ನೀರನ್ನು ದಾಟಿ ಮರಳಬೇಕು. ಅಪಾಯ ಹೆಚ್ಚಾಗಿರುವುದೂ ಈ ಮರಳುವ ಹೊತ್ತಿನಲ್ಲಿಯೇ. ಹೋಗುವಾಗ ಮೈಯಲ್ಲಿ ಉತ್ಸಾಹವಿರುತ್ತದೆ, ಮನಸ್ಸಿನಲ್ಲಿ ತುಸು ಅಳುಕೂ ಇರುತ್ತದೆ. ಬರುವಾಗ ದಣಿವು, ಕತ್ತಲಾಗುವುದೆಂಬ ಆತುರ, ಕಡೆಯ ಬಸ್ಸು ತಪ್ಪುವುದೆಂಬ ಚಿಂತೆ, ಮುಂಜಾನೆ ದಾಟಿದ್ದೇವೆಂಬ ಹುಸಿ ಧೈರ್ಯ. ಬೆಳಗಿನಿಂದ ಹಲವು ಸಲ ಹೋದ ಜನವೆಲ್ಲ ಸಂಜೆ ಒಂದೇ ಸಲ ಮರಳಬಯಸುತ್ತಾರೆ.

ಈ ಮಾತಿಗೆ ಕಣ್ಣೀರಿನ ಸಾಕ್ಷಿಯೊಂದಿದೆ. ಕಾರವಾರದ ಬಳಿ ಸಮುದ್ರದ ನಡುವೆ ಕೂರ್ಮಗಡವೆಂಬ ದ್ವೀಪವಿದೆ. ಅಲ್ಲಿನ ನರಸಿಂಹ ದೇವರ ಜಾತ್ರೆಗೆ ಜನ ವರ್ಷಕ್ಕೊಮ್ಮೆ ದೋಣಿಯಲ್ಲಿ ಹೋಗುತ್ತಾರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಅಲೆಗೆ ಸಿಕ್ಕಿ ಮಗುಚಿತು. 16 ಮಂದಿ ಮಡಿದರು. ಅವರಲ್ಲಿ ಕಡಲಿನ ಪರಿಚಯವಿಲ್ಲದ ಹಾವೇರಿಯ ಕಡೆಯವರೂ, ಪುಟ್ಟ ಮಕ್ಕಳೂ ಇದ್ದರು. ದೋಣಿಯಲ್ಲಿ ಜನ ಹೆಚ್ಚಾಗಿದ್ದರೆಂದೂ ಜೀವರಕ್ಷಕ ಅಂಗಿಗಳಿರಲಿಲ್ಲವೆಂದೂ ಅಂದು ವರದಿಯಾಯಿತು. ದೇವರ ದರ್ಶನ ಮಾಡಿಕೊಂಡು, ಪ್ರಸಾದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೊರಟವರು ಅವರು. ಭಕ್ತಿಯಲ್ಲಿ ಅವರಿಗೆ ಕೊರತೆಯಿರಲಿಲ್ಲ. ಆದರೆ ನೀರು ಭಕ್ತನೆಂದೂ ಪ್ರವಾಸಿಯೆಂದೂ ಭೇದವೆಣಿಸುವುದಿಲ್ಲ. ಭಾರವನ್ನು ಮಾತ್ರ ಎಣಿಸುತ್ತದೆ.

ಹಾಗಾದರೆ ಇಷ್ಟೆಲ್ಲ ತಿಳಿದೂ ಮನುಷ್ಯನು ಏಕೆ ನೀರಿಗಿಳಿಯುತ್ತಾನೆ? ತಿಳಿವಳಿಕೆಯ ಕೊರತೆಯೊಂದೇ ಕಾರಣವಲ್ಲ. ಹಲವು ವೇಳೆ ಕಾರಣ ಸಂಕೋಚ. ಲಗ್ನದ ಮುಹೂರ್ತಕ್ಕೆ ಹೊರಟ ಹಿರಿಯರೊಬ್ಬರು ದಡಕ್ಕೆ ಬರುತ್ತಾರೆ. ಹರಿಗೋಲು ಬೋರಲಾಗಿದೆ, ಅಂಬಿಗ ಬೀಡಿ ಸೇದುತ್ತ ಕುಳಿತಿದ್ದಾನೆ. ಅಂಥ ದಿನ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

“ಇವತ್ತು ಬ್ಯಾಡ್ರಿ ಯಜಮಾನ್ರೆ, ಹೊಸ ನೀರು ಬಂದೈತಿ.”

“ಆ ದಡ ಇಲ್ಲೇ ಕಾಣ್ತೈತಲ್ಲೋ ತಮ್ಮಾ! ಲಗ್ನದ ಹೊತ್ತು ಮೀರತೈತಿ.”

“ದಡ ಕಾಣ್ತೈತ್ರಿ. ನೀರಿನ ಒಳಗ ಏನೈತಿ ಅನ್ನೋದು ಕಾಣಂಗಿಲ್ಲ.”

ಹಿರಿಯರು ಸುಮ್ಮನಾಗುವುದು ಅಷ್ಟು ಸುಲಭವಲ್ಲ. ಬೀಗರು ಏನೆಂದುಕೊಂಡಾರು, ಜೊತೆಗೆ ಬಂದವರು ಅಂಜುಬುರುಕನೆಂದು ನಕ್ಕಾರು, ಇಷ್ಟು ದೂರ ಬಂದದ್ದು ವ್ಯರ್ಥವಾದೀತು ಎಂಬ ಯೋಚನೆಗಳು ಅವರನ್ನು ಮುಂದಕ್ಕೆ ನೂಕುತ್ತವೆ. ಹೆಚ್ಚು ಹಣದ ಆಸೆ ತೋರಿಸಿ ಅಂಬಿಗನ ಮನಸ್ಸನ್ನು ಒಲಿಸಲು ನೋಡುವವರೂ ಉಂಟು. ಅಂಬಿಗ ಬಡವ, ಅವನ ಒಂದು ದಿನದ ‘ಇಲ್ಲ’ ಎಂಬ ಮಾತಿಗೆ ಅವನ ಮನೆಯ ಒಂದು ದಿನದ ಗಂಜಿಯ ಬೆಲೆಯಿದೆ. ಅಷ್ಟು ಬೆಲೆ ತೆತ್ತು ಅವನು ಬೇಡವೆನ್ನುತ್ತಿದ್ದಾನೆಂದರೆ ಆ ಮಾತಿನ ತೂಕವನ್ನು ಪ್ರಯಾಣಿಕನು ಅರಿಯಬೇಕು. ಮುಹೂರ್ತ ತಪ್ಪಿದ ನೆಂಟನನ್ನು ಬೀಗರು ನಾಲ್ಕು ದಿನ ಆಡಿಕೊಂಡು ಮರೆಯುತ್ತಾರೆ. ಹೊಳೆಯ ಪಾಲಾದ ನೆಂಟನನ್ನು ಆ ಮದುವೆಯ ಮನೆ ಎಂದಿಗೂ ಮರೆಯುವಂತಿಲ್ಲ.

ಹೊಳೆ ಒಪ್ಪಿತು, ಅಂಬಿಗನೂ ಒಪ್ಪಿದನು ಎಂದಿಟ್ಟುಕೊಂಡರೂ ಹೊರಡುವ ಮುನ್ನ ಕೆಲವು ಸಿದ್ಧತೆಗಳಿವೆ. ಎಲ್ಲಿಗೆ ಹೋಗುತ್ತಿದ್ದಾನೆ, ಯಾರೊಡನೆ, ಯಾವಾಗ ಮರಳುವನು ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಹೇಳಿರಬೇಕು. ಮರಳಲಿಲ್ಲವೆಂಬುದು ತಿಳಿದರಲ್ಲವೇ ಹುಡುಕುವುದು? ನಡುಗಡ್ಡೆಯಲ್ಲಿ ಒಂದು ರಾತ್ರಿ ಹೆಚ್ಚು ತಂಗಬೇಕಾಗಿ ಬಂದರೂ ಸಾಲುವಷ್ಟು ಬುತ್ತಿ, ಕಾಯಿಸಿ ಆರಿಸಿದ ನೀರು, ನಿತ್ಯ ಸೇವಿಸುವ ಔಷಧ, ಬ್ಯಾಟರಿ ದೀಪ, ಒದ್ದೆಯಾಗದಂತೆ ಕಟ್ಟಿದ ಬೆಂಕಿಪೊಟ್ಟಣ, ಒಂದು ಸೀಟಿ, ಒಂದು ಮಾರುದ್ದದ ಹಗ್ಗ ಜೊತೆಗಿರಬೇಕು. ಸುತ್ತಲೂ ನೀರಿದೆಯೆಂದು ಹೊಳೆಯ ನೀರನ್ನು ಹಾಗೆಯೇ ಕುಡಿಯುವುದು ಪ್ರವಾಹದ ದಿನಗಳಲ್ಲಿ ಬೇನೆಯನ್ನು ಕರೆದಂತೆ. ನೀರು ಏರಿದಾಗ ಎತ್ತರದ ನೆಲವನ್ನು ಹುಡುಕುವವನು ಮನುಷ್ಯನೊಬ್ಬನೇ ಅಲ್ಲ. ಹಾವು ಚೇಳುಗಳೂ ಅಲ್ಲಿಗೇ ಬರುತ್ತವೆ. ಆದುದರಿಂದ ಕತ್ತಲಲ್ಲಿ ದೀಪವಿಲ್ಲದೆ ಕಾಲಿಡಬಾರದು, ಕಲ್ಲಿನ ಸಂದಿಗೆ ಕೈ ಹಾಕಬಾರದು. ಸಿಕ್ಕಿಕೊಂಡದ್ದು ಖಚಿತವಾದರೆ ಈಜಿ ಪಾರಾಗುವ ಸಾಹಸಕ್ಕೆ ಹೋಗದೆ, ಎತ್ತರದಲ್ಲಿ ನಿಂತು, 112ಕ್ಕೆ ದೂರವಾಣಿ ಮಾಡಿ ಕಾಯುವುದೇ ಜಾಣತನ.

ಈಜು ಬಲ್ಲವನಿಗೆ ಈ ಮಾತು ರುಚಿಸದಿರಬಹುದು. ಬಯಲುಸೀಮೆಯ ಹುಡುಗರು ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ಅದು ಒಳ್ಳೆಯ ವಿದ್ಯೆ. ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ಕಲಿಯಬೇಕಾದ ವಿದ್ಯೆ. ಆದರೆ ಬಾವಿಯ ನೀರು ನಿಂತ ನೀರು. ಹರಿಯುವ ನೀರಿನ ವೇಗ ಎರಡು ಪಾಲಾದರೆ ಅದು ಮೈಯನ್ನು ನೂಕುವ ಬಲ ನಾಲ್ಕು ಪಾಲಾಗುತ್ತದೆ. ಸುಳಿಯೂ, ಮುಳುಗಿದ ಬಂಡೆಯೂ, ತೇಲಿಬರುವ ಮರದ ಬೊಡ್ಡೆಯೂ ಬಾವಿಯಲ್ಲಿರುವುದಿಲ್ಲ. ಮುಳುಗುತ್ತಿರುವವನನ್ನು ಕಂಡೊಡನೆ ಹಾರುವುದು ಮನುಷ್ಯನ ಸಹಜವಾದ ಕರುಣೆ; ಆದರೆ ಮುಳುಗುವವನು ಸಿಕ್ಕಿದ್ದನ್ನು ಬಿಗಿಯಾಗಿ ಅಪ್ಪಿಕೊಂಡು ತನ್ನೊಡನೆ ಉಳಿಸಬಂದವನನ್ನೂ ಒಯ್ಯುತ್ತಾನೆ. ಹಗ್ಗ, ಉದ್ದನೆಯ ಕೋಲು, ಬಿಚ್ಚಿದ ಸೀರೆ, ಬಾಯಿ ಮುಚ್ಚಿದ ಖಾಲಿ ಕ್ಯಾನು, ಇವುಗಳಲ್ಲಿ ಯಾವುದನ್ನಾದರೂ ದಡದಿಂದಲೇ ಅವನತ್ತ ಚಾಚಬೇಕು. ಕರುಣೆಗೂ ಉಪಾಯದ ನೆರವು ಬೇಕು.

ಈಗ ಹಲವು ಕಡೆ ಸೇತುವೆಗಳಾಗಿವೆ; ಹರಿಗೋಲಿನ ಮಾತು ಹಳೆಯದಾಯಿತೆಂದು ಕೆಲವರು ಹೇಳಬಹುದು. ಆದರೆ ಹರಿವು ಬಹಳ ಹೆಚ್ಚಾದ ವರ್ಷಗಳಲ್ಲಿ ಕಂಪ್ಲಿಯ ಸೇತುವೆಯೇ ಮುಳುಗಿ ಗಂಗಾವತಿಯ ಕಡೆಗೆ ಸಂಚಾರ ನಿಂತದ್ದುಂಟು. ಸೇತುವೆಯ ಮೇಲೆ ಒಂದು ಮೊಳ ನೀರು ಹರಿಯುತ್ತಿರುವಾಗ ಅದರ ಅಂಚು ಎಲ್ಲಿದೆ, ನಡುವೆ ಎಲ್ಲಿ ಕುಸಿದಿದೆ ಎಂಬುದು ಯಾರ ಕಣ್ಣಿಗೂ ಕಾಣದು. ಆದರೂ ಮೋಟಾರು ಸೈಕಲ್ಲಿನ ತರುಣನೊಬ್ಬನು ನೀರಿಗೆ ನುಗ್ಗುತ್ತಾನೆ. ಮೊಣಕಾಲುದ್ದದ ವೇಗದ ನೀರಿಗೆ ಅವನನ್ನೂ ವಾಹನವನ್ನೂ ಉರುಳಿಸುವ ಶಕ್ತಿಯಿದೆಯೆಂಬುದು ಅವನಿಗೆ ತಿಳಿಯದು. ಸಾಧನ ಬದಲಾಗಬಹುದು, ಹೊಳೆ ಬದಲಾಗುವುದಿಲ್ಲ. ದಾಟಲು ಸಿದ್ಧನಾದವನ ಅವಸರವೂ ಬದಲಾಗಿಲ್ಲ.

ನೀರನ್ನು ನಿಜವಾಗಿ ಬಲ್ಲವರು ಎಂಥವರೆಂಬುದಕ್ಕೆ ಪೆಸಿಫಿಕ್ ಸಾಗರದಲ್ಲಿಯೇ ಒಂದು ಉಜ್ಜ್ವಲವಾದ ನಿದರ್ಶನವಿದೆ. 1976ರಲ್ಲಿ ಹೊಕುಲೆಯಾ ಎಂಬ ಜೋಡಿ ದೋಣಿ ಹವಾಯಿಯಿಂದ ತಾಹಿತಿ ದ್ವೀಪಕ್ಕೆ, 4000 ಕಿಲೋಮೀಟರಿಗೂ ಹೆಚ್ಚು ದೂರವನ್ನು ಸುಮಾರು ಒಂದು ತಿಂಗಳಿನಲ್ಲಿ ದಾಟಿತು. ದಾರಿ ತೋರಿದವನು ಸತವಾಲ್ ಎಂಬ ಪುಟ್ಟ ದ್ವೀಪದ ಮೌ ಪಿಯಾಯ್ಲುಗ್. ಅವನು ದಿಕ್ಸೂಚಿಯನ್ನಾಗಲಿ ನಕ್ಷೆಯನ್ನಾಗಲಿ ಬಳಸಲಿಲ್ಲ. ನಕ್ಷತ್ರಗಳು ಮೂಡುವ ಮುಳುಗುವ ಎಡೆಯನ್ನೂ, ಅಲೆಗಳು ದೋಣಿಯನ್ನು ತೂಗುವ ರೀತಿಯನ್ನೂ ಗಮನಿಸಿ, ಕಾಣದ ದಡದ ದಿಕ್ಕನ್ನು ಅರಿತನು. ಅಷ್ಟು ಬಲ್ಲವನು ಸಾಗರವನ್ನು ಗೆದ್ದೆನೆಂದು ಮೆರೆಯುವವನಲ್ಲ. ಸಾಗರ ಹೇಳಿದುದನ್ನು ಹಗಲಿರುಳೂ ಕಿವಿಗೊಟ್ಟು ಕೇಳಿದವನು. ತುಂಗಭದ್ರೆಯ ದಡದಲ್ಲಿ ಹರಿಗೋಲನ್ನು ಬೋರಲು ಹಾಕಿ ಕುಳಿತ ಅಂಬಿಗನೂ ಅದೇ ಪಂಕ್ತಿಗೆ ಸೇರಿದವನು. ನೀರಿನ ಬಣ್ಣ ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ನಿನ್ನೆ ಕಂಡ ಬಂಡೆ ಇಂದು ಕಾಣದಿದ್ದರೆ, ಎಲ್ಲಿಯೋ ನೂರಾರು ಮೈಲಿಯಾಚೆ ಮಳೆಯಾಗಿದೆಯೆಂದು ಅವನು ಓದಬಲ್ಲನು. ಒಬ್ಬನು ಓದಿದ್ದು ದಾಟುವುದಕ್ಕಾಗಿ, ಇನ್ನೊಬ್ಬನು ಓದುವುದು ನಿಲ್ಲುವುದಕ್ಕಾಗಿ, ವಿದ್ಯೆ ಒಂದೇ.

ಎಚ್ಚರಿಕೆಯೆಂದರೆ ಮನೆಯಲ್ಲಿ ಮುದುಡಿ ಕೂರುವುದಲ್ಲ. ನಡುಗಡ್ಡೆಯ ಬೃಂದಾವನವನ್ನು ನೋಡಬೇಕು, ನೆಂಟರ ಮನೆಗೆ ಹೋಗಬೇಕು, ಹೊಳೆಯ ನಡುವೆ ಹರಿಗೋಲು ಮೆಲ್ಲನೆ ತಿರುಗುವಾಗ ಎರಡೂ ದಡಗಳು ತಿರುಗಿದಂತೆ ಕಾಣುವ ಸೊಗಸನ್ನೂ ಅನುಭವಿಸಬೇಕು. ಅದಕ್ಕೆ ತಕ್ಕ ದಿನಗಳು ವರ್ಷದಲ್ಲಿ ಬೇಕಾದಷ್ಟಿವೆ. ತಕ್ಕುದಲ್ಲದ ಕೆಲವು ದಿನಗಳೂ ಇವೆ. ಇವೆರಡನ್ನು ಬೇರ್ಪಡಿಸಿ ತಿಳಿಯುವುದಕ್ಕೆ ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ದಡದಲ್ಲಿ ನಿಂತು ಬಾಯಿ ತೆರೆದು ಒಂದು ಪ್ರಶ್ನೆ ಕೇಳಿದರೆ ಸಾಕು: ಇಂದು ದಾಟಬಹುದೇ? ಬಲ್ಲವನು ಬೇಡವೆಂದರೆ, ಬುತ್ತಿಯನ್ನು ಅಲ್ಲಿಯೇ ಮರದ ನೆರಳಲ್ಲಿ ಬಿಚ್ಚಿ, ಅಂಬಿಗನಿಗೂ ಒಂದು ರೊಟ್ಟಿ ಕೊಟ್ಟು, ಮುಂದಿನ ಬಸ್ಸಿಗೆ ಬಳ್ಳಾರಿಗೆ ಮರಳಬೇಕು. ನಡುಗಡ್ಡೆ ಎಲ್ಲಿಗೂ ಹೋಗುವುದಿಲ್ಲ.